ಹಲ್ಲುನೋವಿನ ನೆಪದಲ್ಲಿ ಬಂದವರು

ನನ್ನ ಹತ್ತಿರ ಯಾರೂ ಬರುವುದಿಲ್ಲ. ಬಂದವರೆಲ್ಲ ಬೇರೆ ಎಲ್ಲಿಗೋ ಹೊರಟವರು, ದಾರಿಯಲ್ಲಿ ನನ್ನ ಬಾಗಿಲು ಸಿಕ್ಕಿತು, ಅಷ್ಟೆ. ಒಬ್ಬರು ಆಧಾರ್ ಕಾರ್ಡು ತಿದ್ದಿಸಲು ಪೇಟೆಗೆ ಬಂದವರು, ಒಬ್ಬರು ಕೊಡೆ ರಿಪೇರಿಗೆ ಬಂದವರು, ಇನ್ನೊಬ್ಬರು ಸುಮ್ಮನೆ ಗಾಳಿಗೆ ಬಂದವರು. ಜೊತೆಯಲ್ಲಿ ಮಗನೋ ಮಗಳೋ ಇರುತ್ತಾರೆ. "ಹೆಂಗೂ ಬಂದಾತು, ಇದನ್ನೂ ಒಂದ್ಸಲ ನೋಡ್ಬಿಡಿ ಮೇಡಂ" ಅನ್ನುತ್ತಾರೆ, ಅಂಗಡಿಯ ಮೇಜಿನ ಮೇಲೆ ಕೆಟ್ಟ ಮಿಕ್ಸಿ ಇಟ್ಟ ಹಾಗೆ. ವಾರಕ್ಕೊಂದಾದರೂ ಇಂಥದ್ದು ಆಗದಿದ್ದರೆ ನನಗೇ ಏನೋ ಕಳೆದುಕೊಂಡಂತಾಗುತ್ತದೆ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಹದಿಹರೆಯದವರು, ಕಾಲೇಜಿನವರು, ಕಾಲೇಜು ಮುಗಿಸಿ ಮುಂದೇನು ಅಂತ ತಿಳಿಯದೆ ಕೂತವರು, ಇವರೇ ನನ್ನ ಕಡೆಯವರು. ಓದು ಮುಗಿದ ಮೇಲೆ ಹಲವು ವರ್ಷ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಈ ವಯಸ್ಸಿನವರ ಜೊತೆಯೇ ಕೆಲಸ ಮಾಡಿದೆ. ಅಲ್ಲಿ ಬಾಗಿಲಿಗೆ ಬೋರ್ಡು ಇತ್ತು, ಜನ ಬೋರ್ಡು ಓದಿ ಒಳಗೆ ಬರುತ್ತಿದ್ದರು. ಊರಿಗೆ ಮರಳಿದ ಮೇಲೆ ಇಲ್ಲೂ ಒಂದು ಬೋರ್ಡು ಹಾಕಿದೆ. ಜನ ಅದನ್ನು ಓದಿ ರಸ್ತೆಯ ಆಚೆ ಬದಿಯಿಂದ ನಡೆಯತೊಡಗಿದರು. ಬೋರ್ಡು ತೆಗೆಸಿದ ಮೇಲೆಯೇ ಪೇಶಂಟುಗಳು ಬಂದದ್ದು.

ನಾನು ಗುಳಿಗೆ ಕೊಡುವ ಡಾಕ್ಟ್ರಲ್ಲ, ಮಾತಿನಲ್ಲೇ ಚಿಕಿತ್ಸೆ ಅಂತ ಮೊದಮೊದಲು ಎಲ್ಲರಿಗೂ ವಿವರಿಸುತ್ತಿದ್ದೆ. "ಮಾತಾಡೂಕೆ ಇಷ್ಟೆಲ್ಲ ಓದಬೇಕಾ? ನಮ್ಮನೆ ಅತ್ತೆ ಶಾಲೆ ಮೆಟ್ಟಿಲು ಹತ್ತದೇನೇ ಮಾತಾಡ್ತಾರೆ" ಅಂತ ಒಬ್ಬಾಕೆ ಕೇಳಿದ ದಿನದಿಂದ ವಿವರಿಸುವುದನ್ನು ಬಿಟ್ಟಿದ್ದೇನೆ. ಇಲ್ಲಿ ಹೇಳುವುದನ್ನೆಲ್ಲ ಆಯಾ ಮಕ್ಕಳ, ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಮಾಡಿಯೇ ಹೇಳುತ್ತಿದ್ದೇನೆ. ಒಪ್ಪಿಗೆ ಕೊಡುವಾಗ ಎಲ್ಲರೂ ಒಂದೇ ಮಾತು ಹೇಳಿದರು: "ನಮ್ಮದು ಬರೀರಿ, ಅಡ್ಡಿಲ್ಲ. ಪಕ್ಕದ ಮನೆಯವರದ್ದೂ ಇದ್ದರೆ ನಮಗೆ ಮೊದಲು ಹೇಳಿ."

ಮಲ್ಲಿಗೆ ತರಲು ಹೋದವರು

ವಾರದಲ್ಲಿ ಒಂದು ದಿನ ಭಟ್ಕಳ, ಬುಧವಾರ ಹೊನ್ನಾವರ, ಉಳಿದ ದಿನ ಕುಮಟೆ ಅಂತ ಗೊತ್ತು ಮಾಡಿಕೊಂಡೆ. ಭಟ್ಕಳದವರು ಭಟ್ಕಳದಲ್ಲಿ ಬರುತ್ತಾರೆ, ಕುಮಟೆಯವರು ಕುಮಟೆಯಲ್ಲಿ ಬರುತ್ತಾರೆ ಅಂತ ನನ್ನ ಅಂದಾಜು. ಆದದ್ದೇ ಬೇರೆ. ಗುರುತಿನವರ ಕಣ್ಣಿಗೆ ಬೀಳಬಾರದು ಅಂತ ಕುಮಟೆಯವರು ಭಟ್ಕಳಕ್ಕೆ ಬಂದರು, ಭಟ್ಕಳದವರು ಕುಮಟೆಗೆ ಹೋದರು. ಯಾವ ದಿನದ ಬಸ್ಸೇ ಆಗಲಿ, ಹೊನ್ನಾವರ ಸ್ಟ್ಯಾಂಡಿನಲ್ಲಿ ನಿಂತರೆ ಕೆಲವರು ಕಿಟಕಿಗೆ ಬೆನ್ನು ಹಾಕಿ ಕೂತಿರುತ್ತಾರೆ. ಅವರೆಲ್ಲ ನನ್ನವರೇ.

ಕುಮಟೆಯಲ್ಲಿ ಒಂದೇ ಕಂಪೌಂಡು ಗೋಡೆಯ ಆಚೆ ಈಚೆ ಇರುವ ಎರಡು ಮನೆ. ಒಂದು ಮನೆಯ ಮಗ, ಇನ್ನೊಂದು ಮನೆಯ ಮಗಳು, ಇಬ್ಬರೂ ನನ್ನ ಹತ್ತಿರ ಬರಬೇಕಾದವರೇ. ಒಂದು ಮನೆಯ ವಿಷಯ ಇನ್ನೊಂದಕ್ಕೆ ಗೊತ್ತಿಲ್ಲ. ಒಂದು ದಿನ ನನ್ನ ಭಟ್ಕಳದ ಕೋಣೆಯ ಹೊರಗೆ ಎರಡೂ ತಾಯಂದಿರು ಮುಖಾಮುಖಿಯಾದರು. ಒಳಗೆ ಕೂತ ನನಗೆ ಎಲ್ಲ ಕೇಳಿಸಿತು.

"ಹೋ, ನೀವು ಇಲ್ಲಿ?"

"ಮಲ್ಲಿಗೆ ತಕಳೂಕೆ ಬಂದದ್ದು. ಭಟ್ಕಳ ಮಲ್ಲಿಗೆ ಇಲ್ಲೇ ಚೊಲೊ ಅಲ್ಲನಾ? ನೀವು?"

"ನಾವೂ ಮಲ್ಲಿಗೆಗೇ."

ಮಲ್ಲಿಗೆ ಪೇಟೆ ಇರುವುದು ಕೆಳಗೆ ರಸ್ತೆಯಲ್ಲಿ, ಇಬ್ಬರೂ ನಿಂತದ್ದು ಎರಡನೇ ಮಹಡಿಯಲ್ಲಿ. ಅದನ್ನು ಇಬ್ಬರೂ ಕೇಳಲಿಲ್ಲ. ಮಕ್ಕಳನ್ನು ಎಳೆದುಕೊಂಡು ಒಟ್ಟಿಗೇ ಇಳಿದು ಹೋದರು. ಸಂಜೆ ಇಬ್ಬರೂ ಬೇರೆಬೇರೆಯಾಗಿ ಫೋನು ಮಾಡಿ "ಬಸ್ಸು ತಪ್ಪಿತು ಮೇಡಂ" ಅಂದರು. ಇಬ್ಬರಲ್ಲಿ ಆ ಹುಡುಗ ಮಾತ್ರ ಆಮೇಲೆ ನನಗೆ ಹೇಳಿದ: "ಈಗ ಪ್ರತೀ ವಾರ ಎರಡೂ ಮನೆಯವರು ಒಟ್ಟಿಗೇ ಬರ್ತೇವೆ ಮೇಡಂ. ಅಮ್ಮಂದಿರಿಬ್ಬರೂ ಇವತ್ತಿಗೂ ಮಲ್ಲಿಗೆಗೇ ಬರೂದು."

ಚಂದದ ಹಲ್ಲು

ಹೊನ್ನಾವರದಲ್ಲಿ ನನಗೆ ಸಿಕ್ಕ ಕೋಣೆ ಒಬ್ಬ ಹಲ್ಲಿನ ಡಾಕ್ಟ್ರ ಕೋಣೆಯ ಪಕ್ಕದ್ದು. ಮೆಟ್ಟಿಲು ಒಂದೇ, ಕಾಯುವ ಬೆಂಚೂ ಒಂದೇ, ಬೋರ್ಡು ಅವರದ್ದು ಮಾತ್ರ. ಇಷ್ಟು ಅನುಕೂಲದ ಜಾಗ ನನ್ನ ವೃತ್ತಿಯವರಿಗೆ ಎಲ್ಲೂ ಸಿಗಲಿಕ್ಕಿಲ್ಲ. ಮೆಟ್ಟಿಲು ಹತ್ತುವವರೆಲ್ಲ ಕೆನ್ನೆ ಹಿಡಿದುಕೊಂಡು ಹತ್ತುತ್ತಾರೆ.

ಕುಮಟೆ ತಾಲೂಕಿನ ಬಾಡ ಊರಿನ ಹತ್ತಿರದ ಒಂದು ಹಳ್ಳಿಯಿಂದ ಒಬ್ಬ ತಾಯಿ ತನ್ನ ಚಿಕ್ಕ ಮಗಳನ್ನು ಕರೆತಂದರು. ಡಿಗ್ರಿಯ ಕೊನೆಯ ವರ್ಷದ ಹುಡುಗಿ, ಓದಿನಲ್ಲಿ ಜಾಣೆ. ಪರೀಕ್ಷೆಯ ಕೋಣೆಯಲ್ಲಿ ಸೂಪರ್‌ವೈಸರು ಬಂದು ಬೆನ್ನ ಹಿಂದೆ ನಿಂತದ್ದೇ ಅವಳಿಗೆ ಎದೆ ಹೊಡೆದುಕೊಂಡು, ಉಸಿರು ಸಿಕ್ಕಿಕೊಂಡು, ಪೇಪರು ಅಲ್ಲೇ ಬಿಟ್ಟು ಹೊರಗೆ ಓಡಿದ್ದಳು. ಆಮೇಲೆ ಮನೆಯಿಂದ ಹೊರಗೆ ಕಾಲಿಡುವುದೇ ಬಿಟ್ಟಳು. ಬಂದವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಬೇಕಾದ್ದು ಒಂದೇ: ಮುಂದಿನ ಪರೀಕ್ಷೆಯಲ್ಲಿ ಕೊನೆಯ ಗಂಟೆ ಹೊಡೆಯುವ ತನಕ ಕೂತು ಬರೆಯುವುದು. ಅದನ್ನೂ ಬಾಯಲ್ಲಿ ಹೇಳಲಿಲ್ಲ, ಚೀಟಿಯಲ್ಲಿ ಬರೆದು ಕೊಟ್ಟಳು.

ತಾಯಿ ಒಂದು ಶರತ್ತು ಹಾಕಿದರು. "ಊರಲ್ಲಿ ಒಬ್ಬರಿಗೆ ಗೊತ್ತಾತು ಅಂದ್ರೆ ಅವತ್ತಿಗೇ ಬಿಡ್ಸೂದು ಮೇಡಂ. ದೊಡ್ಡವಳಿಗೆ ಸಂಬಂಧದ ಮಾತು ನಡೀತಾ ಇದೆ. ತಂಗಿಗೆ ತಲೆ ಸಮ ಇಲ್ಲ ಅಂತ ಸುದ್ದಿ ಹೋದ್ರೆ ಅಕ್ಕನ ಗತಿ ಎಂತ?"

"ತಲೆ ಸಮ ಇದೆ ಅಮ್ಮಾ, ಭಯ ಅಷ್ಟೆ" ಅಂದೆ.

"ನಿಮಗೆ ಗೊತ್ತು, ನನಗೆ ಗೊತ್ತು. ಊರಿಗೆ ಯಾರು ಹೇಳೂದು? ನಾನು ಹಲ್ಲಿಗೆ ಅಂತ ಹೇಳ್ತೇನೆ."

ಆದರೆ ಆ ತಾಯಿ ಸುಳ್ಳು ಹೇಳಿ ಅಭ್ಯಾಸವಿದ್ದವರಲ್ಲ. ದೇವರು ಮೆಚ್ಚುವುದಿಲ್ಲ ಅಂತ ಅವರಿಗೆ ಕಳವಳ. ಅದಕ್ಕೆ ಪ್ರತಿ ಬುಧವಾರ ಮೊದಲು ಮಗಳನ್ನು ಹಲ್ಲಿನ ಡಾಕ್ಟ್ರ ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸುವುದು, ಆಮೇಲೆ ನನ್ನ ಹತ್ತಿರ ತಂದು ಬಾಯಿ ತೆರೆಸಲು ನೋಡುವುದು. ಅಲ್ಲಿ ತೆರೆದ ಬಾಯಿ ಇಲ್ಲಿ ಬರುವಷ್ಟರಲ್ಲಿ ಮುಚ್ಚಿರುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಹಲ್ಲಿನ ಡಾಕ್ಟ್ರು ನನ್ನ ಕೋಣೆಗೇ ಬಂದರು. "ಮೇಡಂ, ನನ್ನ ಇಡೀ ಸರ್ವಿಸಿನಲ್ಲಿ ಇಷ್ಟು ಚಂದದ ಹಲ್ಲು ನೋಡಿಲ್ಲ. ನೀವು ಬೇಗ ಗುಣ ಮಾಡಿ. ಇಲ್ಲದಿದ್ರೆ ಆ ಅಮ್ಮನ ಸಮಾಧಾನಕ್ಕೆ ನಾನೇ ಒಂದನ್ನು ಹಾಳು ಮಾಡಬೇಕಾಗ್ತದೆ."

ನಿಂತ ಚಿತ್ರ

ಭಟ್ಕಳದ ಒಬ್ಬ ಹುಡುಗ ಕುಮಟೆಗೆ ಬರುತ್ತಿದ್ದ. ಹದಿನೇಳರ ಪ್ರಾಯ. ಅವನ ಅಪ್ಪ ದುಬೈಯಲ್ಲಿ. ಮಗ ಸರಿಯಾಗಿ ಮಾತಾಡುವುದಿಲ್ಲ ಅನ್ನುವುದು ಅಪ್ಪನ ದೂರು. ತಾನೂ ಕೂತು ಕೇಳಲೇಬೇಕು ಅಂತ ಅವರು ಹಟ ಹಿಡಿದರು. ಮಗನೂ ಒಪ್ಪಿದ. ಸರಿ, ಒಂದು ಕುರ್ಚಿಯಲ್ಲಿ ಮಗ, ಎದುರು ಕುರ್ಚಿಯಲ್ಲಿ ದಿಂಬಿಗೆ ಆನಿಸಿಟ್ಟ ಫೋನಿನಲ್ಲಿ ಅಪ್ಪ.

"ನೀವು ಮಾತಾಡಿ, ನಾನು ಇಲ್ಲ ಅಂತಲೇ ತಿಳ್ಕೊಳ್ಳಿ" ಅಂದ ಅಪ್ಪ ಒಂದು ಮಾತಿಗೂ ಸಂದು ಕೊಡಲಿಲ್ಲ. ಮಗ ಬಾಯಿ ತೆರೆದರೆ "ನೇರ ಕೂತು ಹೇಳು", ಮುಚ್ಚಿದರೆ "ನೋಡಿದ್ರಾ ಮೇಡಂ?" ಅಷ್ಟರಲ್ಲಿ ನೆಟ್ಟು ಕೈಕೊಟ್ಟಿತು. ಅಪ್ಪನ ಚಿತ್ರ ಅರ್ಧ ಬಾಯಿ ತೆರೆದು ಬೆರಳು ಎತ್ತಿದ ಹಾಗೇ ನಿಂತುಬಿಟ್ಟಿತು.

ಹುಡುಗ ಆ ಚಿತ್ರವನ್ನೇ ನೋಡಿದ. ನಂತರ ಅವರ ಮನೆಮಾತಾದ ನವಾಯತಿಯಲ್ಲಿ ಮೆಲ್ಲಗೆ ಶುರು ಮಾಡಿದ. ಮನೆಯಲ್ಲಿ ಕೊಂಕಣಿ ಕೇಳಿ ಬೆಳೆದ ನನಗೆ ಅರ್ಥವಾಗುತ್ತಿತ್ತು. ಫೋನು ಮಾಡಿದಾಗಲೆಲ್ಲ ಮಾರ್ಕು ಕೇಳುತ್ತೀರಿ, ಹೇಗಿದ್ದೀ ಅಂತ ಒಂದು ಸಲವೂ ಕೇಳಿಲ್ಲ, ನೀವು ಬರುತ್ತೀರಿ ಅಂದರೆ ಖುಷಿಯೂ ಆಗುತ್ತದೆ ಹೆದರಿಕೆಯೂ ಆಗುತ್ತದೆ. ಎಲ್ಲ ಹೇಳಿದ. ಹೇಳಿ ಕಣ್ಣು ಒರೆಸಿಕೊಂಡ. ನನ್ನ ಕಣ್ಣೂ ಒದ್ದೆಯಾಗಿತ್ತು.

ಆಗ ಅಲ್ಲಾಡದ ಆ ಚಿತ್ರದೊಳಗಿಂದ ಅಪ್ಪನ ಸ್ವರ ಬಂತು. "ಮಗಾ, ಚಿತ್ರ ನಿಂತದ್ದು. ಕಿವಿ ನಿಂತಿರಲಿಲ್ಲ."

ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡಿದರು. ಮುಂದಿನ ವಾರ ಅಪ್ಪ ನನಗೆ ಮೊದಲೇ ಫೋನು ಮಾಡಿ ಕೇಳಿದರು: "ಮೇಡಂ, ಇವತ್ತು ನಿಮ್ಮಲ್ಲಿ ನೆಟ್ಟು ಹೇಗಿದೆ? ಚೆನ್ನಾಗಿದ್ರೆ ಬೇಡ, ಇನ್ನೊಂದು ದಿನ ಇಟ್ಟುಕೊಳ್ಳೋಣ."

ದನದ ಟೆನ್ಶನ್

ಗೇರುಸೊಪ್ಪದ ಕಡೆಯ ಒಬ್ಬ ಪಿಯುಸಿ ಹುಡುಗ. ಅಮ್ಮ ಹಗಲೂ ರಾತ್ರಿ ಮಾರ್ಕಿನ ಮಾತಾಡಿ ಅವನಿಗೆ ಊಟ ಸೇರದಂತಾಗಿತ್ತು. ನಾನು ಅಮ್ಮನಿಗೆ ಕಟ್ಟಪ್ಪಣೆ ಮಾಡಿದೆ: "ಒಂದು ವಾರ ಮಗನ ಹತ್ತಿರ ಮಾರ್ಕು ಅನ್ನುವ ಮಾತು ಎತ್ತಬೇಡಿ." ಅಮ್ಮ ಒಪ್ಪಿದರು.

ಮುಂದಿನ ಬುಧವಾರ ಹುಡುಗ ಬಂದು ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಬಾಡದ ಕಡೆಯ ಆ ಮಾತಾಡದ ಹುಡುಗಿ. ನಾನು ಬಾಗಿಲು ತೆರೆದಾಗ ಅವನೇ ಅವಳಿಗೆ ತನ್ನ ಹವ್ಯಕ ಮನೆಮಾತಿನಲ್ಲೇ ಮನೆಯ ಕಥೆ ಹೇಳುತ್ತಿದ್ದ.

"ಅಮ್ಮ ಈಗ ಎನ್ನ ಹತ್ರ ಮಾರ್ಕಿನ ಮಾತೇ ಆಡ್ತಿಲ್ಲೆ. ಕೊಟ್ಟಿಗೆಗೆ ಹೋಗಿ ದನದ ಹತ್ರ ಆಡ್ತು. ಆನು ಕಿಟಕಿ ಹತ್ರ ಓದಲೆ ಕೂತ್ರೆ ಸಾಕು, ಹಾಲು ಕರೀತಾ ದೊಡ್ಡಕ್ಕೆ ಶುರು. 'ಗಂಗೇ, ಕೇಳ್ದ್ಯಾ, ಆಚೆಮನೆ ಮಾಣಿಗೆ ಗಣಿತದಲ್ಲಿ ತೊಂಬತ್ತೆಂಟಡ. ನಮ್ಮನೇಲೂ ಒಬ್ಬ ಇದ್ದ ಗಂಗೇ, ಆನು ಎಂತದೂ ಹೇಳ್ತಿಲ್ಲೆ.' ಈಗ ದನಕ್ಕೂ ಟೆನ್ಶನ್ ಬಂದು ಹಾಲು ಕಮ್ಮಿ ಆಯ್ದು."

ಆ ಹುಡುಗಿ ನಕ್ಕಳು. ಬಾಯಿ ತುಂಬ, ಸ್ವರ ತೆಗೆದು ನಕ್ಕಳು. ಇಷ್ಟು ವಾರ ನಾನು ಓದಿದ್ದನ್ನೆಲ್ಲ ಖರ್ಚು ಮಾಡಿದರೂ ಆಗದ್ದನ್ನು ಒಂದು ದನ ಮಾಡಿತ್ತು. ಪಕ್ಕದ ಬಾಗಿಲಿಂದ ಹಲ್ಲಿನ ಡಾಕ್ಟ್ರು ಇಣುಕಿ ನನಗೆ ಹೇಳಿದರು: "ನಾ ಹೇಳಿದ್ದಲ್ವಾ, ಹಲ್ಲು ಚಂದ ಅಂತ!"

ಮುಳ್ಳಿಲ್ಲದ ಮೀನು

ಆ ಹುಡುಗಿ ನಗತೊಡಗಿದ ಮೇಲೆ ಮಾತೂ ಬಂತು. ನಾಲ್ಕು ಜನರ ಕಣ್ಣು ತನ್ನ ಮೇಲಿದೆ ಅನ್ನುವುದೇ ಅವಳ ಭಯ. ಇದಕ್ಕೆ ಮದ್ದೆಂದರೆ ಭಯವಾಗುವ ಕೆಲಸವನ್ನೇ ಸ್ವಲ್ಪ ಸ್ವಲ್ಪ ಮಾಡಿ ನೋಡುವುದು. ಮೊದಲು ಅಂಗಡಿಗೆ ಒಬ್ಬಳೇ ಹೋಗಿ ಬಂದಳು. ನಂತರ ಬಸ್ಸಿನಲ್ಲಿ ಕಂಡಕ್ಟರಿಗೆ ಗಟ್ಟಿಯಾಗಿ ಊರಿನ ಹೆಸರು ಹೇಳಿದಳು. ಆಮೇಲೆ ನಾನು ದೊಡ್ಡ ಹೋಮ್‌ವರ್ಕು ಕೊಟ್ಟೆ: ಕುಮಟೆಯ ಮೀನು ಪೇಟೆಗೆ ಹೋಗಿ, ದರ ಕೇಳಿ, ಚೌಕಾಸಿ ಮಾಡಿ, ಏನೂ ತೆಗೆದುಕೊಳ್ಳದೆ ವಾಪಸು ಬರಬೇಕು. ನಮ್ಮ ಮೀನು ಪೇಟೆಯ ಹೆಂಗಸರ ಬಾಯಿ ಗೊತ್ತಿದ್ದವರಿಗೆ ಇದು ಎಷ್ಟು ಕಷ್ಟದ ಪರೀಕ್ಷೆ ಅಂತ ತಿಳಿಯುತ್ತದೆ. ನಾನೇ ಇವತ್ತಿನವರೆಗೆ ಅಲ್ಲಿ ಬರಿಗೈಯಲ್ಲಿ ತಿರುಗಿದವಳಲ್ಲ.

ಹುಡುಗಿ ಹೋದಳು. ಬಂಗಡೆಯ ದರ ಕೇಳಿದಳು, ಇಳಿಸಲು ಹೇಳಿದಳು, ಬೇಡ ಅಂದಳು.

"ಮೀನು ತಕಳೂಕೆ ಬಂದದ್ದೋ, ಮೀನಿನ ಜಾತಕ ಕೇಳೂಕೆ ಬಂದದ್ದೋ?" ಅಂತ ಮೀನಿನಾಕೆ ಸ್ವರ ಏರಿಸಿದಳು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಹುಡುಗಿ ಓಡಲಿಲ್ಲ. ನಿಂತಲ್ಲೇ ನಿಂತು, ಬಾಯಿಗೆ ಬಂದ ನಿಜವನ್ನೇ ಹೇಳಿದಳು: "ಡಾಕ್ಟ್ರು ಹೇಳಿದ್ರು, ಕೇಳಿ ಬಾ ಅಂತ."

"ಯಾವ ಡಾಕ್ಟ್ರೇ?" ಅಂತ ಮೀನಿನಾಕೆ ಅವಳ ಮುಖ ನೋಡಿದಳು. ಈಕೆ ಬುಟ್ಟಿ ಹೊತ್ತು ಅವರ ಹಳ್ಳಿಗೂ ಹೋಗುವವಳು. "ಓಹೋ, ಬುಧವಾರ ಬುಧವಾರ ಹೊನ್ನಾವರಕ್ಕೆ ಹಲ್ಲಿಗೆ ಹೋಗೂ ಹುಡುಗಿ ನೀನೇ ಅಲ್ಲನೇ? ಮೊದಲೇ ಹೇಳೂಕೆ ಆಗೂದಿಲ್ಲನಾ? ಬಂಗಡೆ ಬಿಡು, ಅದಕ್ಕೆ ಮುಳ್ಳು. ಪಾಪ, ಇಷ್ಟು ಸಣ್ಣ ಪ್ರಾಯಕ್ಕೆ ಅಗಿಯೂಕೂ ಆಗೂದಿಲ್ಲ ಅಂದ್ರೆ!" ಅಂತ ಮೆತ್ತನೆಯ ಮೀನು ಆರಿಸಿ ಪೊಟ್ಟಣ ಕಟ್ಟಿ ಕೈಗೆ ತುರುಕಿದಳು. ದುಡ್ಡು ಬೇಡವೇ ಬೇಡ ಅಂದಳು.

ಹೋಮ್‌ವರ್ಕಿನಲ್ಲಿ ಫೇಲು, ಊಟದಲ್ಲಿ ಪಾಸು.

ಚಕ್ಕುಲಿ ಪರೀಕ್ಷೆ

ಆದರೆ ಆ ಕರುಣೆ ದುಬಾರಿಯಾಯಿತು. ಗಾಳಿಮಾತಿಗೆ ಕಾಲಿಲ್ಲ ಅನ್ನುತ್ತಾರೆ. ಇದಕ್ಕೆ ಮೀನಿನ ಬುಟ್ಟಿಯೇ ಇತ್ತು. ಮೊದಲು ಹುಡುಗಿಗೆ ಒಂದು ಹಲ್ಲು ಹುಳುಕು ಅಂತ ಸುದ್ದಿ. ನಾಲ್ಕು ಮನೆ ದಾಟುವಷ್ಟರಲ್ಲಿ ಎಲ್ಲಾ ಹಲ್ಲು ಹೋಗಿದೆ, ಸೆಟ್ಟು ಹಾಕಿಸಿದ್ದಾರೆ ಅಂತಾಯಿತು. ಭಟ್ಕಳದ ಹತ್ತಿರ ಅಕ್ಕನಿಗೆ ನೋಡಿದ ಗಂಡಿನ ಮನೆ ಮುಟ್ಟುವಾಗ "ಅದು ಆ ಮನೆತನಕ್ಕೇ ಇದ್ದದ್ದಂತೆ" ಅಂತ ಆಗಿತ್ತು.

ಗಂಡಿನ ಸೋದರತ್ತೆ ನಾಲ್ಕು ಜನರನ್ನು ಕಟ್ಟಿಕೊಂಡು ಹುಡುಗಿಯ ಮನೆಗೆ ಬಂದರು. ಕೈಯಲ್ಲಿ ಒಂದು ಡಬ್ಬ ಚಕ್ಕುಲಿ, ಕಲ್ಲಿನಷ್ಟು ಗಟ್ಟಿ. ಮದುಮಗಳಾಗಬೇಕಾದ ಅಕ್ಕನ ಎದುರು ಕೂತು "ತಿನ್ನು ತಿನ್ನು, ನಾಚಿಕೆ ಎಂತಕ್ಕೆ?" ಅಂತ ಒಂದರ ಮೇಲೊಂದು ಕೊಟ್ಟು, ಕಟಂ ಅಂತ ಸದ್ದು ಬಂದಾಗಲೆಲ್ಲ ಜೊತೆಯವರ ಮುಖ ನೋಡಿದರು. ಸಾಲದ್ದಕ್ಕೆ "ಅಜ್ಜನ ಹಲ್ಲು ಯಾವ ಪ್ರಾಯಕ್ಕೆ ಹೋದದ್ದು?" ಅಂತ ವಿಚಾರಿಸಿದರು. ಗೋಡೆಗೆ ಹಾಕಿದ ಅಜ್ಜನ ಫೋಟೋದ ಹತ್ತಿರ ಹೋಗಿ ನೋಡಿದರು. ಅಜ್ಜ ಬಾಯಿ ಮುಚ್ಚಿಕೊಂಡು ಫೋಟೋ ತೆಗೆಸಿದ್ದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ತಾಯಿ ನನ್ನೆದುರು ಬಂದು ಕೂತು ಅತ್ತರು. "ಆತು ಮೇಡಂ, ಇವತ್ತಿಗೆ ಸಾಕು. ಇವಳನ್ನು ಇನ್ನು ಕರಕೊಂಡು ಬರೂದಿಲ್ಲ. ಅವರು ಮತ್ತೆ ಬರ್ತಾರಂತೆ."

"ಹಲ್ಲು ಸಮ ಇದೆ ಅಂತ ನಾನು ಬರೆದು ಕೊಡ್ತೇನೆ" ಅಂದರು ಅಳು ಕೇಳಿ ಬಂದ ಹಲ್ಲಿನ ಡಾಕ್ಟ್ರು.

"ಸಮ ಇದ್ರೆ ವಾರವಾರ ಹೋಗೂದು ಎಂತಕ್ಕೆ ಅಂತ ಕೇಳೂದಿಲ್ಲನಾ?" ಅಂದರು ತಾಯಿ. ಡಾಕ್ಟ್ರು ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು.

ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಪರೀಕ್ಷೆಗೆ ಉಳಿದದ್ದು ಕೆಲವೇ ವಾರ. ಇನ್ನು ಸ್ವಲ್ಪ ದೂರ ಅವಳ ಜೊತೆ ನಡೆದರೆ ಸಾಕಿತ್ತು. ಅವರು ಮೆಟ್ಟಿಲಿಳಿದು ಹೋದ ಮೇಲೆ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಮಾಧಾನ ಮಾಡಲು ನಿಂತ ಹಲ್ಲಿನ ಡಾಕ್ಟ್ರ ಮುಖವೂ ಬಾಡಿತ್ತು. "ನಿಮ್ಮದಾದ್ರೂ ಯಾರಿಗೂ ಗೊತ್ತಿಲ್ಲ ಮೇಡಂ. ಇಷ್ಟು ವಾರ ಹೋದ್ರೂ ಒಂದು ಹಲ್ಲು ಗುಣ ಮಾಡೂಕೆ ಬರದ ಡಾಕ್ಟ್ರು ಅಂತ ಕುಮಟೆ ತುಂಬ ನನ್ನ ಹೆಸರು ಹೋಯ್ತಲ್ಲ!"

ಕಬ್ಬು ತಂದ ಸೋದರತ್ತೆ

ಮುಂದಿನ ಬುಧವಾರ ಅವರು ಬರಲಿಲ್ಲ. ಅದರ ಮುಂದಿನ ಬುಧವಾರ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ತಾಯಿ ಮಗಳು ಹಲ್ಲಿನ ಡಾಕ್ಟ್ರ ಬಾಗಿಲು ದಾಟಿ ನೇರ ನನ್ನ ಕೋಣೆಗೇ ಬಂದರು. ಇಬ್ಬರೂ ಕೆನ್ನೆ ಹಿಡಿದಿರಲಿಲ್ಲ.

"ಪರೀಕ್ಷೆ ಮುಗಿಯೂ ತನಕ ತಪ್ಪಿಸೂದಿಲ್ಲ ಮೇಡಂ" ಅಂದರು ತಾಯಿ.

"ಅಲ್ಲಮ್ಮಾ, ಊರಿಗೆ ಗೊತ್ತಾದರೆ?"

"ಗೊತ್ತಾತಲ್ಲ! ಇವಳೇ ಹೇಳ್ದಳು" ಅಂತ ಮಗಳತ್ತ ಕೈ ತೋರಿಸಿದರು.

ಆಮೇಲಿನದ್ದನ್ನು ಆ ಹುಡುಗಿಯೇ ಹೇಳಿದಳು. ಕುರ್ಚಿಯಿಂದ ಎದ್ದು, ಒಬ್ಬೊಬ್ಬರ ಸ್ವರ ಮಾಡಿ, ನಡುವೆ ನಗು ತಡೆಯಲಾರದೆ ಹೇಳಿದಳು. ಚೀಟಿಯಲ್ಲಿ ಬರೆದು ಕೊಡುತ್ತಿದ್ದವಳು ಇವಳೇನಾ ಅಂತ ನಾನು ನೋಡುತ್ತಾ ಕೂತೆ.

ಸೋದರತ್ತೆ ಎರಡನೇ ಸಲ ಬಂದರಂತೆ. ಈ ಸಲ ಕಬ್ಬು ತಂದಿದ್ದರಂತೆ. ಗಂಡೂ ಬಂದಿದ್ದ, ಅವನ ಅಪ್ಪ ಅಮ್ಮನೂ ಬಂದಿದ್ದರು. ಹೊರಗಿನ ಕೋಣೆ ಭರ್ತಿ. ಎಲ್ಲರ ನಡುವೆ ಅಕ್ಕ ಕಬ್ಬಿನ ತುಂಡು ಕಚ್ಚಿ ಸಿಗಿಯುತ್ತಿದ್ದಾಳೆ, ಕಣ್ಣಲ್ಲಿ ನೀರು ಇಳಿಯುತ್ತಿದೆ, ಸೋದರತ್ತೆ ಬಗ್ಗಿ ಅವಳ ಬಾಯಿಯನ್ನೇ ನೋಡುತ್ತಿದ್ದಾರೆ. ಬಾಗಿಲ ಹಿಂದೆ ನಿಂತಿದ್ದ ತಂಗಿಗೆ ತಡೆಯಲಾಗಲಿಲ್ಲ. ಕೋಣೆಯ ನಡುವೆ ಬಂದು ನಿಂತಳು. ಎಲ್ಲರ ಕಣ್ಣೂ ಅವಳ ಮೇಲೆ. ಎದೆ ಹೊಡೆದುಕೊಳ್ಳತೊಡಗಿತು, ಉಸಿರು ಮೇಲೆ ಬಂತು. ನನ್ನ ಕೋಣೆಯಲ್ಲಿ ಅಭ್ಯಾಸ ಮಾಡಿದ ಹಾಗೆ ಉಸಿರನ್ನು ಮೆಲ್ಲಗೆ ಬಿಟ್ಟಳು. ಆಮೇಲೆ ಬಾಯಿ ತೆರೆದಳು.

"ಅಕ್ಕನ ಬಾಯಿಂದ ಆ ಕಬ್ಬು ತೆಗೀರಿ. ನಮ್ಮನೇಲಿ ಯಾರ ಹಲ್ಲಿಗೂ ಎಂತದೂ ಆಗಲಿಲ್ಲ. ನಾನು ಹೊನ್ನಾವರಕ್ಕೆ ಹೋಗೂದು ಹಲ್ಲಿಗಲ್ಲ. ಪರೀಕ್ಷೆ ಅಂದ್ರೆ ನನಗೆ ಹೆದರಿಕೆ, ಕೈಕಾಲು ನಡುಗ್ತದೆ. ಅದಕ್ಕೆ ಮನಸ್ಸಿನ ಡಾಕ್ಟ್ರ ಹತ್ರ ಹೋಗ್ತೇನೆ. ಇನ್ನೂ ಹೋಗ್ತೇನೆ."

ತಾಯಿ ಕುಸಿದು ಹೊಸ್ತಿಲ ಮೇಲೆ ಕೂತರು. ಹುಡುಗಿಯ ಅಪ್ಪ ತಲೆಯೆತ್ತಿ ಮಾಡಿನ ಹಂಚು ನೋಡಿದರು. ಅಕ್ಕ ಬಾಯಲ್ಲಿದ್ದ ಕಬ್ಬನ್ನು ನುಂಗುವುದೋ ಉಗಿಯುವುದೋ ತಿಳಿಯದೆ ಹಾಗೇ ಇದ್ದಳು. ಸೋದರತ್ತೆ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗಂಡಿನ ಮುಖ ನೋಡಿದರು, ಅವನ ಅಪ್ಪನ ಮುಖ ನೋಡಿದರು. ಕೊನೆಗೆ ಸೆರಗಿನಿಂದ ಹಣೆಯ ಬೆವರು ಒರೆಸಿ, ಗೋಡೆಗೆ ಒರಗಿ, ದೊಡ್ಡದೊಂದು ಉಸಿರು ಬಿಟ್ಟರು.

"ಅಯ್ಯೋ, ಮನಸ್ಸಾ? ಅದು ನಮ್ಮನೇಲೂ ಇಬ್ಬರಿಗೆ ಉಂಟು ಮಾರಾಯ್ತಿ! ಹಲ್ಲು ಅಂದ್ಕಂಡು ನಾವು ಹೆದರಿ ಸತ್ತಿದ್ದು!"